ನಾ ರಾಜಕ್ಕ ಮಾತಾಡಾಕತ್ತೇನಿ

೭ ಸೆಪ್ಟೆಂಬರ್ ೨೦೨೫, ರವಿವಾರ

ಸರ್ವರ್ ಕಂಪನಿಯವರ ಮೂರನೆಯ ಮೇಲ್ ಬಂದಿದೆ. ಮೊದಲಿನ ಎರಡರಲ್ಲಿ ವಿನಂತಿ ಇತ್ತು, ಇದರಲ್ಲಿ ಇಲ್ಲ. ನಮ್ಮ ಯಂತ್ರವನ್ನು ನಡೆಸುವ ಲಿನಕ್ಸ್ ತಂತ್ರಾಂಶ ಹಳೆಯದಾಗಿದೆ, ಅದಕ್ಕೆ ತೇಪೆ ಹಚ್ಚುವವರು ಯಾರೂ ಉಳಿದಿಲ್ಲ, ಅಕ್ಟೋಬರ್ ಮುಗಿಯುವುದರೊಳಗೆ ಹೊಸ ಆವೃತ್ತಿಗೆ ಏರಿಸದಿದ್ದರೆ ಸಂಪರ್ಕ ಕಡಿಯುತ್ತಾರಂತೆ. ಕಡಿದುಕೊಳ್ಳಲಿ ಎನ್ನುವ ಸ್ಥಿತಿಯಲ್ಲಿ ನಾನಿಲ್ಲ.

ಈಚೆಗೆ ಮರೆವು ಹೆಚ್ಚಾಗಿದೆ. ಮುಂದೆ ನಾನೇ ಓದಿದರೆ ತಿಳಿಯಬೇಕೆಂದು ಎಲ್ಲ ಬಿಡಿಸಿ ಬರೆಯುತ್ತೇನೆ.

ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯ ಹಳ್ಳಿಗಳ ಟಿಬಿ ರೋಗಿಗಳಿಗೆ ನಮ್ಮ ಆರೋಗ್ಯ ಸಂಘದಿಂದ ದಿನಾ ಬೆಳಿಗ್ಗೆ ಫೋನ್ ಹೋಗುತ್ತದೆ. ಮಾಡುವುದು ನಾನು ನೋಡಿಕೊಳ್ಳುವ ಸರ್ವರ್, ಮಾತಾಡುವುದು ನನ್ನ ಹೆಂಡತಿ ರಾಜೇಶ್ವರಿ. "ಬಾಯವ್ವಾ, ನಾ ರಾಜಕ್ಕ ಮಾತಾಡಾಕತ್ತೇನಿ. ಗುಳಿಗಿ ತಗೊಂಡ್ರೇನು? ತಗೊಂಡಿದ್ರ ಒಂದು ಒತ್ರಿ." ಒಬ್ಬೊಬ್ಬರ ಹೆಸರನ್ನೂ ಅವಳು ಬೇರೆ ಬೇರೆ ಹೇಳಿದ್ದಾಳೆ. ಸಂಘದ ನರ್ಸಾಗಿ ಊರೂರು ತಿರುಗಿ ಬಂದು, ಸಂಜೆ ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು, ಬೆವರುತ್ತ ರೆಕಾರ್ಡ್ ಮಾಡಿದ್ದು. ಯಂತ್ರದ ದನಿಗೆ ಫೋನ್ ಕಟ್ ಮಾಡುವ ಮಂದಿ ಅವಳ ದನಿಗೆ ಮಾತ್ರ ಒಂದು ಒತ್ತುತ್ತಾರೆ.

ಮಾರ್ಚ್‌ನಲ್ಲಿ ಬೆಳಗಾವಿಯ ಡಾಕ್ಟರು ಅವಳ ಧ್ವನಿಪೆಟ್ಟಿಗೆ ತೆಗೆದರು. ಗಂಟಲಲ್ಲಿ ಗಡ್ಡೆ ಇತ್ತು. ಜೀವ ಉಳಿಯಿತು. ಅವಳ ದನಿ ಈಗ ಇರುವುದು ಆ ಸರ್ವರಿನಲ್ಲಿ ಮಾತ್ರ. ಮದುವೆಯ ವಿಡಿಯೋ ಇದೆ, ಅದರಲ್ಲಿ ಅವಳು ಬಾಯಿ ಆಡಿಸುತ್ತಾಳೆ, ಮೇಲೆ ಸಿನಿಮಾ ಹಾಡು ಹಾಕಿದ್ದಾರೆ.

ರೋಗಿಗಳಿಗೆ ಇದು ಗೊತ್ತಿಲ್ಲ. ಸಂಘದ ಕಾರ್ಯದರ್ಶಿ ನಿಜಗುಣಪ್ಪನವರೇ ಬೇಡವೆಂದರು. "ನರ್ಸಬಾಯಿಗೇ ಹಿಂಗಾತಂದ್ರ ಮಂದಿ ಹೆದರಿ ಗುಳಿಗಿ ಬಿಡತಾರ, ಕಲ್ಮೇಶ್ರ. ಫೋನ್ ನಡದೈತಲ್ಲ, ನಡೀಲಿ."

೧೦ ಸೆಪ್ಟೆಂಬರ್, ಬುಧವಾರ

ಪಕ್ಕದ ಮನೆಯ ಉಳವಪ್ಪನಿಗೂ ಟಿಬಿ. ರಾಜೇಶ್ವರಿಯ ಸಂಗತಿ ಗೊತ್ತಿರುವ ರೋಗಿ ಅವನೊಬ್ಬನೇ. ಕಿವಿ ಮಂದ, ಅದಕ್ಕೆ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಡುತ್ತಾನೆ. ಬೆಳಗಿನ ಚಹಾ ಹಿಡಿದು ನಾನು ಆ ಕಡೆಯ ಕಿಟಕಿಯಲ್ಲಿ ನಿಲ್ಲುತ್ತೇನೆ. "ಉಳವಪ್ಪಣ್ಣಾ, ನಾ ರಾಜಕ್ಕ ಮಾತಾಡಾಕತ್ತೇನಿ." ಅಷ್ಟು ಕೇಳಿದ ಮೇಲೆ ನನ್ನ ದಿನ ಶುರುವಾಗುತ್ತದೆ.

ಸರಿಯಾಗಿ ಅದೇ ಹೊತ್ತಿಗೆ ರಾಜೇಶ್ವರಿ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾಳೆ. ಬಿಸಿಲೇರಿದ ಮೇಲೆ ತೊಳೆದರಾಗದೆ ಎಂದರೆ ಕೇಳುವುದಿಲ್ಲ. ದನಿ ಹೋದಾಗಿನಿಂದ ಅವಳು ಮಾತಾಡುವುದು ಶಾಲೆಯ ಪಾಟಿ, ಬಳಪದಿಂದ. ಇವತ್ತು ಅದರ ಮೇಲೆ ಏನೋ ಬರೆಯತೊಡಗಿದಳು. ಎರಡು ಶಬ್ದಕ್ಕೇ ನನಗೆ ಅರ್ಥವಾಯಿತು, "ಆತಾತು, ಸಂಜಿ ಗಿರಣಿಗೆ ಹೋಗಿ ಹಿಟ್ಟ ಹಾಕಿಸಿ ತರತೇನಿ" ಎಂದೆ. ಅವಳು ಒರೆಸಿಬಿಟ್ಟಳು. ಬಳಪ ಓಡುವ ತನಕ ಕಾಯುವ ತಾಳ್ಮೆ ನನಗೆ ಬರುವುದಿಲ್ಲ.

೧೬ ಸೆಪ್ಟೆಂಬರ್, ಮಂಗಳವಾರ

ಯೋಜನೆ ಹಾಕಲು ಕುಳಿತೆ.

ಈ ಸರ್ವರನ್ನು ನಾನು ಕಣ್ಣಿಂದ ಕಂಡಿಲ್ಲ. ಮುಂಬೈಯಲ್ಲೆಲ್ಲೋ ಇರುವ ದೊಡ್ಡ ಯಂತ್ರದೊಳಗೆ ನಮಗೊಂದು ಪಾಲು. ಚಚಡಿಯ ವಾಡೆಯಂಥ ದೊಡ್ಡ ಮನೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದ ಹಾಗೆ. ಕೋಣೆ ಸಣ್ಣದು, ಈಗಾಗಲೇ ತುಂಬಿದೆ. ಹೊಸ ಲಿನಕ್ಸ್ ಬಂದು ಕೂರಲು ಜಾಗ ಬೇಕು, ಅದೂ ಒಂದೇ ನೆಗೆತಕ್ಕೆ ಬಾರದು, ನಡುವಿನ ಆವೃತ್ತಿಗೆ ಏರಿ ಅಲ್ಲಿಂದ ಮತ್ತೊಂದಕ್ಕೆ ಏರಬೇಕು. ಪ್ರತಿ ಸಲ ಯಂತ್ರವನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ನಿಂತದ್ದು ಏಳದೇ ಹೋದರೆ? ಮೇ ತಿಂಗಳಿಂದ ಇದೊಂದು ಪ್ರಶ್ನೆಗೆ ಹೆದರಿ ಮುಂದೂಡಿದ್ದೇನೆ. ಹೊರಗೆ ಮಾತ್ರ "ಟೆಸ್ಟಿಂಗ್ ನಡದೈತಿ" ಎನ್ನುತ್ತೇನೆ.

ಹೆಚ್ಚು ಜಾಗ ತಿಂದಿರುವುದು ರಾಜೇಶ್ವರಿಯ ದನಿಯ ಫೈಲುಗಳು. ದಿನಾ ಮಧ್ಯಾಹ್ನ ಅವುಗಳ ಒಂದು ಪ್ರತಿ ನಮ್ಮ ಕಚೇರಿಯ ಅಂಗೈಯಗಲದ ಹಾರ್ಡ್ ಡಿಸ್ಕಿಗೆ ಇಳಿಯುತ್ತದೆ. ಆದ್ದರಿಂದ ಸರ್ವರಿನಲ್ಲಿ ಅಳಿಸಿ, ಕೆಲಸ ಮುಗಿಸಿ, ಡಿಸ್ಕಿನಿಂದ ಮತ್ತೆ ಏರಿಸಿದರಾಯಿತು. ಬೆಳಗಿನ ಫೋನ್ ಮುಗಿದ ಮೇಲೆ ಶುರು ಮಾಡಿದರೆ ಮರುದಿನದವರೆಗೆ ಹೊತ್ತಿದೆ, ರೋಗಿಗಳಿಗೆ ಗೊತ್ತೂ ಆಗುವುದಿಲ್ಲ.

ದಿನ ಯಾವುದೆಂದು ನಿಜಗುಣಪ್ಪನವರನ್ನು ಕೇಳಿದೆ. "ಅಮಾಸಿ ಮುಗೀಲಿ, ದಸರಾ ಮುಗೀಲಿ. ಬನ್ನಿ ಮುಡದ ಮ್ಯಾಲ ಹಿಡೀರಿ, ಹಿಡದ ಕೆಲಸ ಕೈಗೂಡತೈತಿ" ಎಂದರು. ನನಗೂ ಮುಂದೂಡಲು ಒಂದು ನೆಪ ಬೇಕಿತ್ತು.

೨೪ ಸೆಪ್ಟೆಂಬರ್, ಬುಧವಾರ

ಹೊಸ ರೋಗಿಗಳು ಬಂದರೆ ಈಗ ಹಳೆಯ ಹೆಸರುಗಳನ್ನೇ ಹಚ್ಚುತ್ತೇನೆ. ನಮ್ಮ ಕಡೆ ಅದೊಂದು ಅನುಕೂಲ, ಶಟ್ಟೆಪ್ಪ ಎಂದರೆ ಒಬ್ಬನೇ ಇರುವುದಿಲ್ಲ. ಇವತ್ತು ಕಿತ್ತೂರಿನಿಂದ ಸ್ನೇಹಲ್ ಎಂಬ ಕಾಲೇಜು ಹುಡುಗಿ ಬಂದಳು. ಆ ಹೆಸರನ್ನು ರಾಜೇಶ್ವರಿ ಎಂದೂ ಹೇಳಿಲ್ಲ, ಇನ್ನು ಹೇಳುವುದೂ ಇಲ್ಲ. ಬೇರೆ ಯಾರಿಗೋ ಅಂದಿದ್ದ "ತಂಗೀ" ಎಂಬುದನ್ನು ಕತ್ತರಿಸಿ ಹಚ್ಚಿದೆ.

೧ ಅಕ್ಟೋಬರ್, ಬುಧವಾರ. ಖಂಡೇಪೂಜೆ

ಕಚೇರಿಯಲ್ಲಿ ಪೂಜೆ. ಕಂಬಳಿ ಹಾಸಿ ಬಿಪಿ ನೋಡುವ ಯಂತ್ರ, ತೂಕದ ತಕ್ಕಡಿ, ಸೂಕ್ಷ್ಮದರ್ಶಕ, ಜೀಪಿನ ಕೀಲಿ ಎಲ್ಲ ಇಟ್ಟರು. "ಕಲ್ಮೇಶ್ರ, ನಿಮ್ಮ ಆಯುಧ ಎಲ್ಲೈತ್ರಿ?" ಎಂದು ನಿಜಗುಣಪ್ಪನವರು ಕೇಳಿದರು. ಸರ್ವರನ್ನು ತಂದಿಡಲು ಬರುತ್ತದೆಯೇ? ಹಾರ್ಡ್ ಡಿಸ್ಕನ್ನು ಬಿಚ್ಚಿ ತಂದು ನಟ್ಟನಡುವೆ ಇಟ್ಟೆ. ನಾನೇ ವಿಭೂತಿ ಎಳೆದು ಚೆಂಡು ಹೂವು ಏರಿಸಿದೆ. ಸಂಘದ ಆಯುಧಗಳಲ್ಲಿ ದೊಡ್ಡದು ಇದೇ ಎಂದು ಜಂಬವೂ ಆಯಿತು. ನಿಜಗುಣಪ್ಪನವರು ಎಂದಿನಂತೆ ಒಂದೇ ಏಟಿಗೆ ಕಾಯಿ ಒಡೆದು ನೀರನ್ನು ಎಲ್ಲದರ ಮೇಲೂ ಧಾರಾಳವಾಗಿ ಚಿಮುಕಿಸಿದರು. ಯಾವುದನ್ನೂ ನಾಳೆಯವರೆಗೆ ಮುಟ್ಟುವ ಹಾಗಿಲ್ಲ.

ರಾಜೇಶ್ವರಿಯೂ ಬಂದಿದ್ದಳು. ಕಂಬಳಿಯ ಮೇಲೆ ಏನೂ ಇಡಲಿಲ್ಲ. ಅವಳು ಇಡುವಂಥದ್ದು ಇನ್ನೇನಿದೆ ಎಂದು ನನಗೂ ಹೊಳೆಯಲಿಲ್ಲ.

೬ ಅಕ್ಟೋಬರ್, ಸೋಮವಾರ

ಬನ್ನಿ ಕೊಟ್ಟು "ಬಂಗಾರದ್ಹಂಗ ಇರೂಣು" ಎಂದದ್ದಾಯಿತು. ಇನ್ನು ನೆಪವಿಲ್ಲ. ಡಿಸ್ಕನ್ನು ಮತ್ತೆ ಜೋಡಿಸಿದೆ, ಹಸಿರು ದೀಪ ಹತ್ತಿತು, ಪ್ರತಿ ಇಳಿಯಿತೆಂದು ತೋರಿಸಿತು. ತೆರೆದು ನೋಡಿದರೆ ಬಾಯವ್ವನಿಂದ ಹಿಡಿದು ಎಲ್ಲ ಹೆಸರೂ ಇವೆ. ಒಂದನ್ನೂ ಹಾಕಿ ಕೇಳಲಿಲ್ಲ. ಕಚೇರಿಯಲ್ಲಿ ನಾಲ್ಕು ಮಂದಿಯ ಮುಂದೆ ಅವಳ ದನಿ ಕೇಳಿದರೆ ನನ್ನ ಮುಖ ಹೇಗಾಗುತ್ತದೋ.

೯ ಅಕ್ಟೋಬರ್, ಗುರುವಾರ

ಮುಗಿಯಿತು. ಇಷ್ಟು ಸಲೀಸೆಂದು ಗೊತ್ತಿದ್ದರೆ ಮೇ ತಿಂಗಳಲ್ಲೇ ಮುಗಿಸುತ್ತಿದ್ದೆ.

ದನಿಯ ಫೈಲುಗಳನ್ನು ಅಳಿಸಿ ಜಾಗ ಮಾಡಿದೆ. ಆಮೇಲೆ ಇಡೀ ಸರ್ವರಿನ ಒಂದು ಪ್ರತಿಯನ್ನು ಕಂಪನಿಯಲ್ಲೇ ಇಡಿಸಿದೆ. ಅವರು ಇಡುವುದು ಒಂದೇ ಪ್ರತಿ, ಹೊಸದು ಬಂದರೆ ಹಳೆಯದು ಹೋಗುತ್ತದೆ. ಮೊದಲ ಏರಿಕೆ, ನಿಲ್ಲಿಸಿದೆ, ಎದ್ದಿತು. ಎರಡನೆಯದು, ನಿಲ್ಲಿಸಿದೆ, ಏಳುವುದು ತಡವಾಯಿತು, ಎದ್ದಿತು. ಫೋನ್ ಮಾಡುವ ವ್ಯವಸ್ಥೆಯೂ ಸರಿಯಾಗಿದೆ. ನಿಜಗುಣಪ್ಪನವರು ಬೆನ್ನು ತಟ್ಟಿ ಚಹಾ ತರಿಸಿದರು. ಮನೆಗೆ ಬಂದು ಹೊಟ್ಟೆ ತುಂಬ ರೊಟ್ಟಿ ತಿಂದೆ. ರಾಜೇಶ್ವರಿ ನನ್ನ ಮುಖ ನೋಡಿ ನಕ್ಕಳು.

ಈಗ ಹೋಗಿ ಡಿಸ್ಕಿನಿಂದ ಫೈಲುಗಳನ್ನು ಏರಿಸಬೇಕು.

ಅದೇ ದಿನ, ಸಂಜೆ

ಡಿಸ್ಕ್ ಓದುತ್ತಿಲ್ಲ. ಟಿಕ್ ಟಿಕ್ ಎನ್ನುತ್ತದೆ, ನಿಲ್ಲುತ್ತದೆ.

೧೧ ಅಕ್ಟೋಬರ್, ಶನಿವಾರ

ಹುಬ್ಬಳ್ಳಿಗೆ ಒಯ್ದಿದ್ದೆ. ಅಂಗಡಿಯವನು ಬಿಚ್ಚಿದ, ಬೆಳಕಿಗೆ ಹಿಡಿದ, ಮೂಸಿದ.

"ಸರ, ಇದರ ಮ್ಯಾಲ ಏನ ಚಲ್ಲೀರಿ? ಒಳಗ ಸಿಹಿ ನೀರು ಹೊಕ್ಕು ಅಂಟಾಗಿ ಒಣಗೇತಿ. ಓದೂ ಮುಳ್ಳು ಕೆರದು ಕೆರದು ಒಳಗಿನ ತಾಟು ಪೂರಾ ಹಾಳಾಗೇತಿ."

"ಏನೂ ಬರೂದಿಲ್ಲೇನು? ಒಂದೆರಡರ?"

"ಸುಳ್ಳ ಹೇಳಿ ನಿಮ್ಮನ್ನ ತಿರುಗಾಡಸೂದಿಲ್ಲ ಸರ. ಏನೂ ಇಲ್ಲ."

ಕಾಯಿಯ ನೀರು. ನಾನೇ ಬಿಚ್ಚಿದೆ, ನಾನೇ ಇಟ್ಟೆ, ವಿಭೂತಿ ಹಚ್ಚಿ ಕೈ ಮುಗಿದೆ. ಅಳಿಸಿದವನೂ ನಾನೇ. ಅಳಿಸುವ ಮುಂಚೆ ಪ್ರತಿ ಇಡಿಸಬೇಕೆಂಬುದು ಈ ಕೆಲಸದಲ್ಲಿ ಮೊದಲ ದಿನ ಕಲಿಯುವ ಪಾಠ. ಜಾಗವಾಗಲಿ ಎಂಬ ಆತುರದಲ್ಲಿ ನಾನು ಖಾಲಿ ಕೋಣೆಯ ಪ್ರತಿ ಇಡಿಸಿದ್ದೇನೆ. ಮಾಡಿದ್ದುಣ್ಣೋ ಮಹಾರಾಯ ಎನ್ನಲು ಬೇರೆ ಯಾರೂ ಬೇಕಿಲ್ಲ. ಬಸ್ಸಿನಲ್ಲಿ ಬರುವಾಗ ಕಿತ್ತೂರು ಬಂದದ್ದು, ಹೋದದ್ದು ಗೊತ್ತಾಗಲಿಲ್ಲ.

ರಾಜೇಶ್ವರಿಗೆ ಹೇಳಿಲ್ಲ. ಹೇಗೆ ಹೇಳಲಿ? ಡಾಕ್ಟರು ಒಮ್ಮೆ ತೆಗೆದರು, ಉಳಿದದ್ದನ್ನು ನಾನು ತೆಗೆದೆ.

೧೩ ಅಕ್ಟೋಬರ್, ಸೋಮವಾರ

ಮೂರು ದಿನ ಫೋನ್ ಹೋಗಿರಲಿಲ್ಲ. ಇವತ್ತಿನಿಂದ ಯಂತ್ರದ ದನಿ ಹಚ್ಚಿದೆ. "ನಮಸ್ಕಾರ. ದಯವಿಟ್ಟು ತಾವು ಔಷಧಿಯನ್ನು ಸೇವಿಸಿದ್ದರೆ ಒಂದನ್ನು ಒತ್ತಿರಿ." ಉಳವಪ್ಪ ಗೋಡೆಯಾಚೆಯಿಂದಲೇ ಕೇಳಿದ, "ಏ ಕಲ್ಮೇಶಾ, ಯಾರೋ ಇಕಿ? ಫೋನಿನ್ಯಾಗಿನ ನಮ್ಮ ರಾಜವ್ವ ಎಲ್ಲಿ ಹ್ವಾದ್ಳು?" ನಾನು ಕಿಟಕಿ ಹಾಕಿದೆ.

ಪಾತ್ರೆ ಎತ್ತಿಕೊಂಡು ಹಿತ್ತಲ ಬಾಗಿಲವರೆಗೆ ಹೋಗಿದ್ದ ರಾಜೇಶ್ವರಿ ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೇ ತೊಳೆದಳು.

೧೫ ಅಕ್ಟೋಬರ್, ಬುಧವಾರ

ಸರ್ವರ್ ಬಹಳ ಚೆನ್ನಾಗಿದೆ. ಸಣ್ಣಪುಟ್ಟ ಅಪ್ಡೇಟ್‌ಗಳು ವಾರಕ್ಕೊಮ್ಮೆ ತಾವೇ ಬಂದು ಕೂರುವಂತೆ ಮಾಡಿದ್ದೇನೆ. ದೊಡ್ಡದಕ್ಕೆ ಮುಂಚೆ ಎರಡು ಕಡೆ ಪ್ರತಿ, ಎರಡನ್ನೂ ತೆರೆದು ಕೇಳಿ ನೋಡುವುದು, ಆಮೇಲೆ ಕೈ ಹಚ್ಚುವುದು ಎಂದು ಬರೆದು ಗೋಡೆಗೆ ಅಂಟಿಸಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು. ಇಷ್ಟು ಚೊಕ್ಕ, ಇಷ್ಟು ಗಟ್ಟಿ ನಮ್ಮ ಸರ್ವರ್ ಎಂದೂ ಇರಲಿಲ್ಲ. ಕಾಯಲು ಅದರಲ್ಲಿ ಏನೂ ಇಲ್ಲ.

೧೭ ಅಕ್ಟೋಬರ್, ಶುಕ್ರವಾರ

ಒಂದು ಒತ್ತುವವರು ದಿನದಿನಕ್ಕೆ ಕಡಿಮೆ. ತೊರಗಲ್ಲಿನ ಬಾಯವ್ವ ಸೋಮವಾರದಿಂದ ಒತ್ತಿಲ್ಲ. ಅವಳಂಥ ಒಂದೂವರೆ ವರ್ಷದ ಗುಳಿಗೆಯವರು ನಡುವೆ ಬಿಟ್ಟರೆ ರೋಗ ಮೊದಲಿಗಿಂತ ಜೋರಾಗಿ ತಿರುಗಿ ಬೀಳುತ್ತದೆ, ಆಮೇಲೆ ಈ ಗುಳಿಗೆ ಹಿಡಿಯುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವಳೇ ರಾಜೇಶ್ವರಿ.

ಊಟ ಸೇರುತ್ತಿಲ್ಲ. ಅವಳು ಪಾಟಿಯ ಮೇಲೆ "ಏನಾಗೇತಿ?" ಎಂದು ಬರೆದು ಹಿಡಿದಳು. ಏನಿಲ್ಲ ಎಂದೆ. ಅವಳು ಪಾಟಿಯನ್ನು ಕೆಳಗಿಳಿಸದೆ ಹಾಗೇ ಹಿಡಿದಿದ್ದಳು. ನಾನು ಎದ್ದು ಹೊರಗೆ ಬಂದೆ.

೧೯ ಅಕ್ಟೋಬರ್, ರವಿವಾರ

ಇವತ್ತಿನದನ್ನು ಬರೆಯಲೇಬೇಕು.

ಮಧ್ಯಾಹ್ನ ಬಾಗಿಲ ಹೊರಗೆ ಅಳುವ ಸದ್ದು. ನೋಡಿದರೆ ಬಾಯವ್ವ, ಜೊತೆಗೆ ಅವಳ ತಮ್ಮ ಶಟ್ಟೆಪ್ಪ, ರಾಮದುರ್ಗದಿಂದ ಬಸ್ ಹಿಡಿದು ಬಂದಿದ್ದಾರೆ. ಬಾಯವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಹೊಸ್ತಿಲಲ್ಲೇ ಕುಸಿದು ಕೂತಳು. "ಎಂಥಾ ಮಗಳೋ ಯಪ್ಪಾ. ದಿನಾ ಮುಂಜಾನಿ ಹೆಸರು ಹಿಡದು ಕರೀತಿದ್ಳು. ನನಗ ಹಂಗ ಕರಿಯೋರು ಇನ್ಯಾರದಾರ?"

ನನಗೆ ತಿಳಿಯಲಿಲ್ಲ. ಶಟ್ಟೆಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, "ರಾಜಕ್ಕ ಹ್ವಾದ ಸುದ್ದಿ ನಮಗ ಯಾರೂ ತಿಳಸಲಿಲ್ರಿ. ಫೋನಿನ್ಯಾಗ ಬ್ಯಾರೆದಾಕಿ ಮಾತಾಡೂದು ಕೇಳಿ ನಾವ ತಿಳಕೊಂಡ್ವಿ. ಮಾತಾಡ್ಸಾಕ ತಡಾ ಆತು, ತಪ್ಪ ತಿಳಕೋಬ್ಯಾಡ್ರಿ" ಎಂದ.

ಸತ್ತ ಮನೆಗೆ ಬಂದಿದ್ದರು. ದನಿ ನಿಂತಿತು, ಹಾಗಾದರೆ ಹೋದಳು ಎಂದು ಲೆಕ್ಕ. ಅಷ್ಟರಲ್ಲಿ ಒಳಗಿಂದ ರಾಜೇಶ್ವರಿ ಬಂದು ನಿಂತಳು.

ಬಾಯವ್ವನ ಅಳು ಒಮ್ಮೆಲೇ ನಿಂತಿತು. ಎದ್ದು ಬಂದು ಅವಳ ಗದ್ದ ಹಿಡಿದಳು, ಭುಜ ಮುಟ್ಟಿದಳು. "ಅದೀ ಏನವಾ? ಮತ್ತ ಮಾತಾಡವಲ್ಲಿ ಯಾಕ? ಏನರ ಅನ್ನಲಾ."

ರಾಜೇಶ್ವರಿ ಕೊರಳಿಗೆ ಸುತ್ತಿದ್ದ ಬಟ್ಟೆ ಸರಿಸಿ ತೂತು ತೋರಿಸಿದಳು. ಬಾಯವ್ವ ಅದನ್ನು ಬಹಳ ಹೊತ್ತು ನೋಡಿ, ತಾನೇ ಬಟ್ಟೆಯನ್ನು ಮತ್ತೆ ಮುಚ್ಚಿದಳು. ಆಮೇಲೆ ರಾಜೇಶ್ವರಿ ಪಾಟಿ ತಂದು ಬರೆದು ಅವರ ಮುಂದೆ ಹಿಡಿದಳು. ಇಬ್ಬರಿಗೂ ಓದಲು ಬಾರದು. ನನ್ನ ಕಡೆ ತಿರುಗಿಸಿದಳು.

"ಗುಳಿಗಿ ತಗೊಂಡ್ರೇನು?" ಎಂದು ನಾನು ಓದಿದೆ.

ಬಾಯವ್ವ ತಲೆ ತಗ್ಗಿಸಿದಳು. "ಇಲ್ಲವಾ. ಕೇಳಾಕಿನ ಇಲ್ಲ ಅಂದ ಮ್ಯಾಲ ಯಾರ ಸಲುವಾಗಿ ತಗೋಬೇಕಂತ ಬಿಟ್ಟಿದ್ನಿ."

ರಾಜೇಶ್ವರಿ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಬಾಯವ್ವ ಸಂಚಿ ಬಿಚ್ಚಿ ಗುಳಿಗೆ ತೆಗೆದು, ಅವಳು ನೋಡುತ್ತಿರುವಂತೆಯೇ ನುಂಗಿದಳು.

ಅವರು ಹೋದ ಮೇಲೆ ಎಲ್ಲ ಹೇಳಿದೆ. ಡಿಸ್ಕು, ಕಾಯಿಯ ನೀರು, ಅಳಿಸಿದ್ದು. ಅವಳು ಬರೆದಳು: "ಗೊತ್ತು. ಉಳವಪ್ಪಣ್ಣನ ಫೋನ್ ಕೇಳಿದ್ನಿ." ಒರೆಸಿದಳು. ಇನ್ನೇನು ಬರೆಯುತ್ತಾಳೋ ಎಂದು ಕೂತೆ. "ನನಗ ಅದನ್ನ ಕೇಳಾಕ ಆಗ್ತಿದ್ದಿಲ್ಲ. ಅದಕ್ಕ ಹಿತ್ತಲಕ್ಕ ಹೋಗ್ತಿದ್ನಿ." ಒರೆಸಿದಳು. ಬಳಪ ಮುರಿಯಿತು, ಸಣ್ಣ ಚೂರು ಹಿಡಿದು ಮುಂದುವರಿಸಿದಳು. "ಸತ್ತಾಕಿ ದಿನಾ ಬಂದು ನನ್ನ ಹೆಸರ್ಲೆ ಮಾತಾಡಿದ್ಹಂಗ ಆಗ್ತಿತ್ತು. ನೀವು ಚಾ ಹಿಡಕೊಂಡು ಆಕಿ ಮಾತು ಕೇಳಾಕ ನಿಲ್ತಿದ್ರಿ. ನನ್ನ ಮಾತು ಕೇಳಾಕ ನಿಲ್ತಿದ್ದಿಲ್ಲ."

ಪಾಟಿ ತುಂಬಿತು. ಅವಳು ಒರೆಸುವವರೆಗೂ ನಾನು ಅದನ್ನೇ ನೋಡುತ್ತಿದ್ದೆ. ನನಗೆ ಅಳು ಬಂತು. ಹೋದದ್ದಕ್ಕೆ ನಾನೊಬ್ಬನೇ ಅಳುತ್ತಿದ್ದೆ, ಅವಳು ಅಳಲಿಲ್ಲ. ನಮ್ಮ ಮನೆಯಲ್ಲೇ ನಾನು ಒಂಟಿಯಾದೆ.

೨೩ ಅಕ್ಟೋಬರ್, ಗುರುವಾರ

ದೀಪಾವಳಿ ಹೋಯಿತು. ಹಣತೆ ಅವಳು ಹಚ್ಚಿದಳು. ಏಳಲು ಮನಸ್ಸಾಗದ ದಿನಗಳು. ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ, ನೆನಪಾಗಿ ತಿರುಗುತ್ತೇನೆ.

ರಾಜೇಶ್ವರಿ ಮಧ್ಯಾಹ್ನ ಬರೆದ ಮಾತು ಉದ್ದವಾಗಿತ್ತು, ಮೂರು ಸಲ ಒರೆಸಿ ಬರೆದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಅದರ ಸಾರ ಇಷ್ಟು: ಯಂತ್ರದಾಕಿ ಬ್ಯಾಡ, ಮಂದಿ ಗುಳಿಗಿ ಬಿಡಾಕತ್ತಾರ, ನೀವ ಹೇಳ್ರಿ. ನನ್ನ ದನಿ ಕತ್ತೆಯದು ಎಂದೆ. "ಇರಲಿ. ನಾ ಹೇಳಿಕೊಡತೇನಿ" ಎಂದು ಬರೆದಳು.

೨೬ ಅಕ್ಟೋಬರ್, ರವಿವಾರ

ಬಾಗಿಲು ಹಾಕಿ, ಫ್ಯಾನ್ ಆರಿಸಿ ಎದುರುಬದುರು ಕುಳಿತೆವು. ನಾ ರಾಜಕ್ಕ ಎಂದು ನಾನು ಹೇಳುವಂತಿಲ್ಲ. ಅವಳೇ ಹೊಸ ಸಾಲು ಬರೆದುಕೊಟ್ಟಳು: "ರಾಜಕ್ಕ ಕೇಳಾಕತ್ತಾಳ, ಗುಳಿಗಿ ತಗೊಂಡ್ರೇನು?"

ಮೊದಲು ಬಾಯವ್ವ. ಹೇಳಿದೆ. ಅವಳು ಅಲ್ಲವೆಂದು ತಲೆ ಅಲ್ಲಾಡಿಸಿ ಬರೆದಳು: "ಸಾಹೇಬ್ರ ಕೇಳಿದ್ಹಂಗ ಕೇಳಬ್ಯಾಡ್ರಿ." ಮತ್ತೆ ಹೇಳಿದೆ. "ಹೆಸರು ಕರದ ಮ್ಯಾಲ ನಿಲ್ರಿ. ಆಕಿ ಹೂಂ ಅಂತಾಳ." ಫೋನಿಗೆ ಯಾರು ಹೂಂ ಎನ್ನುತ್ತಾರೆ ಎನ್ನಲು ಹೋದವನು ಸುಮ್ಮನಾದೆ. ಬಾಯವ್ವಾ ಎಂದು ಕರೆದು, ಅವಳು ಹೂಂ ಅನ್ನುವಷ್ಟು ಹೊತ್ತು ನಿಂತು, ಆಮೇಲೆ ಕೇಳಿದೆ. ಹೆಸರಿನ ಕೊನೆಯನ್ನು ಎಳೆಯುವುದು, ಗುಳಿಗೆ ಎಂಬಲ್ಲಿ ದನಿ ಇಳಿಸುವುದು, ಒಂದೊಂದನ್ನೂ ಬೆರಳು ಎತ್ತಿ ಇಳಿಸಿ ತೋರಿಸಿದಳು. ಎಷ್ಟು ಸಲ ಹೇಳಿದೆನೋ. ಕೊನೆಗೆ ಅವಳ ಮುಖ ಸಡಿಲವಾಯಿತು, ಗೋಣು ಹಾಕಿದಳು.

ಆಗ ನನಗೆ ಭಯವಾಯಿತು. ಇದೇ ಮಾತನ್ನು ಅವಳು ಹೇಗೆ ಹೇಳುತ್ತಿದ್ದಳೆಂದು ಮನಸ್ಸಿನಲ್ಲಿ ತಂದುಕೊಳ್ಳಲು ನೋಡಿದೆ. ನನ್ನ ದನಿಯೇ ಕೇಳಿಸಿತು. ಇನ್ನೊಮ್ಮೆ ನೋಡಿದೆ, ಮತ್ತೆ ನನ್ನದೇ.

"ನೀ ಹಿಂಗ ಅಂತಿದ್ದೇನು?" ಎಂದು ಕೇಳಿದೆ.

ಅವಳು ಬಳಪವನ್ನು ಪಾಟಿಗೆ ಊರಿ ಬಹಳ ಹೊತ್ತು ಕುಳಿತಳು. ನಾನು ಕಾದೆ.

"ನನಗೂ ನೆನಪಿಲ್ಲ" ಎಂದು ಬರೆದಳು.

ಬೆಳಿಗ್ಗೆ ಫೋನ್ ಹೋಗಬೇಕು. ಮುಂದಿನ ಹೆಸರು ಉಳವಪ್ಪ, ಅದನ್ನು ಕರೆದು ನಿಂತೆ.